ಬಿಸ್ಕತ್ತಿನ ಡಬ್ಬಿಯ ಆಂಪ್ಲಿಫೈಯರ್

ಬೆಸುಗೆ ಹಾಕುವ ಹೊಗೆಯ ವಾಸನೆ ಎಲ್ಲೇ ಬರಲಿ, ನನಗೆ ಈಗಲೂ ಮಾನ್ವಿಯ ನಮ್ಮ ಪಡಸಾಲೆಯೇ ನೆನಪಾಗುತ್ತದೆ.

ನಮ್ಮ ಕಾಕಾ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕಿವಿಗಡಚಿಕ್ಕುವ ಮಿಷನ್ ನೋಡಿಕೊಳ್ಳುತ್ತಿದ್ದ. ರಜೆ ಬಂತೆಂದರೆ ಗಿಟಾರಿನ ಹುಚ್ಚು. ಆ ಮಧ್ಯಾಹ್ನ ಬಿಸ್ಕತ್ತಿನ ಡಬ್ಬಿಯೊಳಗೆ ಹಳೇ ರೇಡಿಯೋದ ಸ್ಪೀಕರ್ ಕೂರಿಸಿ ತಾನೇ ಆಂಪ್ಲಿಫೈಯರ್ ಕಟ್ಟಿದ್ದ. ತಂತಿ ಮೀಟಿದ ಕೂಡಲೇ ಡಬ್ಬಿ ಗುಂಯ್ ಎಂದಿತು. ನಾನು ಕುಣಿದುಬಿಟ್ಟೆ.

ಕಾಕಾ ಮುಖ ಸಣ್ಣ ಮಾಡಿದ. "ದನಿನೇ ಬರವಲ್ದಲೇ. ಎಲ್ಲೋ ಬೆಸುಗಿ ಬಿಟ್ಟದ."

ಡಬ್ಬಿ ಬಿಚ್ಚಿ ಮತ್ತೆ ಬೆಸುಗೆ ಹಾಕಿದ. ದನಿ ಪೂರ್ತಿ ಏರಿಸಿ ಮೀಟಿದ. ಗೂಡಿನಲ್ಲಿದ್ದ ಸ್ಟೀಲಿನ ಲೋಟಗಳು ಗಡಗಡ ನಡುಗಿದವು. ಅಜ್ಜಿ ಕಿವಿ ಮುಚ್ಚಿಕೊಂಡು ಅಡುಗೆಮನೆಯಿಂದ ಓಡಿಬಂದಳು.

"ಬಂದ್ ಮಾಡೋ ಯಪ್ಪಾ! ಇಡೀ ಓಣಿ ಎದ್ದು ಕುಂತದ!"

ಕಾಕಾ ತಿರುಗಿ ನೋಡಲಿಲ್ಲ. ಗಿಟಾರ್ ನಿಂತ ಮೇಲೆ ಅಜ್ಜಿ ಅವನ ಬೆನ್ನ ಹಿಂದಿನಿಂದ ಹೆಸರು ಹಿಡಿದು ಕರೆದಳು. ಇನ್ನೊಮ್ಮೆ ಕರೆದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನಿಂತುಬಿಟ್ಟಳು.

"ನಿನಗರ ಕೇಳ್ಸಾಕತ್ತದೇನಲೇ?" ಎಂದು ಕಾಕಾ ನನ್ನನ್ನು ಕೇಳಿದ.

ನಾನು ಹೌದೆಂದು ಜೋರಾಗಿ ತಲೆಯಾಡಿಸಿದೆ.

"ನನಗ ಬ್ಯಾಸರ ಆಗಬಾರ್ದಂತ ಸುಳ್ಳ ಹೇಳ್ತಿ ಬಿಡು" ಎಂದು ನಕ್ಕು, ಕಾಕಾ ಮತ್ತೆ ಡಬ್ಬಿ ಬಿಚ್ಚತೊಡಗಿದ.