ಕದ್ದ ಮೀಟರ್

ಕೋಚ್ ಇವತ್ತೂ ಒಂದು ಮೀಟರ್ ಕದ್ದರು. ಎಡಚಿ ಕಣ್ಣಾರೆ ನೋಡಿದಳು.

ಎಡಗೈಯಲ್ಲಿ ಡಿಸ್ಕಸ್ ಎಸೆಯುವುದರಿಂದ ಕಾಲೇಜಿಗೆಲ್ಲ ಅವಳು ಎಡಚಿ. ಡಿಸ್ಕಸ್ ಬಿದ್ದ ಗುರುತಿನ ಮೇಲೆ ಮುದುಕ ಮಾಲಿ ಟೇಪಿನ ತುದಿಯನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದಿದ್ದ. ಈಚೆ, ಎಸೆಯುವ ವೃತ್ತದ ಅಂಚಿನಲ್ಲಿ ಕೋಚ್ ಬಗ್ಗಿ ಅಂಕಿ ಓದಿದರು. ಅವರ ಹೆಗಲ ಮೇಲಿಂದ ಎಡಚಿಯೂ ಇಣುಕಿದಳು. ಐವತ್ತೈದು ಮೀಟರ್ ಮೂವತ್ತು. ಪುಸ್ತಕದಲ್ಲಿ ಬಿದ್ದದ್ದು ಐವತ್ತನಾಲ್ಕು ಮೂವತ್ತು.

"ಮೇಡಂ, ಐವತ್ತೈದು ಇತ್ತಲ್ವಾ?"

"ನಾನು ಬರೆದಿದ್ದೇ ನಿನ್ನ ಎಸೆತ," ಎಂದರು ಕೋಚ್. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಟೇಪನ್ನು ತಾವೇ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಆ ಹಳೆಯ ಬಟ್ಟೆ ಟೇಪನ್ನು ಅವರು ಯಾವ ಹುಡುಗಿಯ ಕೈಗೂ ಕೊಟ್ಟವರಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಜಿಮ್ ಬಾಗಿಲ ಮೇಲಿನ ಫಲಕದಲ್ಲೇ ಇತ್ತು: ಮಹಿಳೆಯರ ಡಿಸ್ಕಸ್, ಐವತ್ತೈದು ಮೀಟರ್ ಹತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ, ಇದೇ ಮೈದಾನದಲ್ಲಿ, ಇದೇ ಕೋಚ್ ವಿದ್ಯಾರ್ಥಿನಿಯಾಗಿದ್ದಾಗ ಮಾಡಿದ ದಾಖಲೆ. ಅದರ ಬಲದಿಂದ ರಾಷ್ಟ್ರೀಯ ಶಿಬಿರಕ್ಕೆ ಹೋದರು, ಎರಡು ಸಲ ಚಾಂಪಿಯನ್ ಆದರು, ಕೊನೆಗೆ ಈ ನೌಕರಿ ಹಿಡಿದರು. ಆ ದೂರ ಮಾತ್ರ ಮತ್ತೆ ಕೈಗೆ ಸಿಗಲಿಲ್ಲ. ದೃಷ್ಟಿ ತಾಗಿದೆ ಎಂದರು ಮನೆಯವರು. ಮೈ ಬಗ್ಗುತ್ತಿಲ್ಲ ಎಂದರು ಆಗಿನ ಗುರುಗಳು. ನಾಲ್ಕು ವರ್ಷ ಅದರ ಬೆನ್ನು ಹತ್ತಿ ಕೋಚ್ ತಮ್ಮ ಬಲ ಭುಜವನ್ನೇ ಕಳೆದುಕೊಂಡರು. ಈಗ ಆ ಕೈಯ ಎರಡು ಬೆರಳಿಗೆ ಚಹಾ ಲೋಟದ ಬಿಸಿಯೂ ಗೊತ್ತಾಗುವುದಿಲ್ಲ. ಮುಖಕ್ಕೂ ಏನೂ ಗೊತ್ತಾಗುವುದಿಲ್ಲ ಎಂದು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದರು.

ಕೋಚ್ ಆಗಿ ಬಂದ ಮೊದಲ ದಿನ ಅವರು ನಗುನಗುತ್ತಲೇ ಬಂದಿದ್ದರಂತೆ. ಸಾಮಾನು ಕೋಣೆಯ ಬೀಗದಕೈ ತೆಗೆದುಕೊಂಡು ಮಾಲಿಯ ಜೊತೆ ಒಳಗೆ ಹೋದರು, ಅರ್ಧ ಗಂಟೆ ಬಿಟ್ಟು ಹೊರಬಂದರು. ಅಂದಿನಿಂದ ಆ ಫಲಕದ ಕೆಳಗೆ ಹಾಯುವಾಗ ತಲೆ ಎತ್ತಿದ್ದನ್ನು ಯಾರೂ ಕಂಡಿಲ್ಲ. ದೊಡ್ಡವರ ಜಂಬ, ಅಷ್ಟೇ, ಎಂದುಕೊಂಡಿದ್ದಳು ಎಡಚಿ.

ಇದು ಅವಳ ಕೊನೆಯ ವರ್ಷ. ಕ್ರೀಡಾಕೂಟದಲ್ಲಿ ಆ ದಾಖಲೆ ಮುರಿದವರಿಗೆ ಮಾತ್ರ ರಾಷ್ಟ್ರೀಯ ಶಿಬಿರದಲ್ಲಿ ಜಾಗ. ಇಲ್ಲದಿದ್ದರೆ ಪರೀಕ್ಷೆಯ ಮರುದಿನವೇ ಅಪ್ಪನ ಟೈರ್ ಅಂಗಡಿಯಲ್ಲಿ ಕೂರಬೇಕು. "ಇಷ್ಟು ದಿನ ಎಸೆದ್ಯಲ್ಲ, ಒಂದಾದ್ರೂ ವಾಪಸ್ ಬಂತಾ?" ಎಂದು ಅಪ್ಪ ಊಟದ ಹೊತ್ತಿಗೆಲ್ಲ ಹಂಗಿಸುತ್ತಿದ್ದ. ಅಪ್ಪನ ಮಾತು ತಡೆದುಕೊಳ್ಳಬಹುದು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಕೂಟದ ದಿನ ಅಧಿಕಾರಿಗಳು ಹೊಸ ಉಕ್ಕಿನ ಟೇಪ್ ತಂದರು. ಎಡಚಿಗೆ ಹೋದ ಜೀವ ಬಂದಂತಾಯಿತು. ಕೊನೆಯ ಎಸೆತದಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತಿರುಗಿದಳು. ಡಿಸ್ಕಸ್ ಬೆರಳಿನಿಂದ ಜಾರುವಾಗಲೇ ಗೊತ್ತಾಯಿತು, ಇದಕ್ಕಿಂತ ಚೆನ್ನಾಗಿ ತಾನು ಎಂದೂ ಎಸೆದಿಲ್ಲ.

ಐವತ್ತನಾಲ್ಕು ಅರವತ್ತು.

ಅರ್ಧ ಮೀಟರ್ ಕಡಿಮೆ. ಜನ ಅಯ್ಯೋ ಎಂದು ಎದ್ದು ಹೋದರು. ಎಡಚಿ ಹುಲ್ಲಿನ ಮೇಲೆ ಕೂತಳು. ಕೈಕಾಲು ತನ್ನವೇ ಎನಿಸಲಿಲ್ಲ. ಆಮೇಲೆ ನೆನಪಾಯಿತು: ಆ ಅಧಿಕಾರಿಗಳೆಲ್ಲ ಮೇಡಂ ಜೊತೆ ಆಡಿದವರು, ಮೇಡಂ ಕೊಟ್ಟ ಚಹಾ ಕುಡಿದವರು.

ಅವಳ ಕೊನೆಯ ಎಸೆತದ ಗುರುತಿನ ಗೂಟ ಇನ್ನೂ ನೆಲದಲ್ಲೇ ಇತ್ತು. ಕೋಚ್ ಬೆಂಚಿನ ಮೇಲೆ ಕೂತು ಶಿಬಿರದ ಅರ್ಜಿ ತುಂಬುತ್ತಿದ್ದರು. ಅವರ ಕಾಲ ಬಳಿಯ ಚೀಲದಿಂದ ಎಡಚಿ ಹಳೆಯ ಟೇಪನ್ನು ಎಳೆದುಕೊಂಡಳು. ಅವರು ತಡೆಯಲಿಲ್ಲ.

"ಹಿಡ್ಕೊಳ್ಳಿ ಅಜ್ಜ," ಎಂದು ತುದಿಯನ್ನು ಮಾಲಿಯ ಕೈಗೆ ತುರುಕಿದಳು. ಮಾಲಿ ಕೋಚ್ ಕಡೆ ನೋಡಿದ. ಅವರು ತಲೆಯಾಡಿಸಿದರು. ಅವನು ಗೂಟದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ.

ವೃತ್ತದ ಅಂಚಿನಲ್ಲಿ ಟೇಪು ಐವತ್ತೈದು ಅರವತ್ತು ತೋರಿಸಿತು.

"ನೋಡಿ! ಕಣ್ಣು ಬಿಟ್ಟು ನೋಡಿ!" ಎಡಚಿ ಅಂಕಿಯ ಮೇಲೆ ಬೆರಳೊತ್ತಿದಳು. "ನಿಮ್ಮ ಹೆಸರು ಉಳಿಸ್ಕೊಳ್ಳೋಕೆ ನನ್ನ ಬಾಳು ಹಾಳು ಮಾಡಿದ್ರಿ."

"ಆ ತುದಿ ನೋಡ್ಕೊಂಡು ಬಾ," ಎಂದರು ಕೋಚ್, ಅರ್ಜಿಯಿಂದ ತಲೆ ಎತ್ತದೆ.

ಎಡಚಿ ಟೇಪಿನ ಗುಂಟ ನಡೆದು ಹೋದಳು. ಮಾಲಿ ಮುಷ್ಟಿ ಬಿಚ್ಚಿದ. ಒಳಗೆ ದಪ್ಪ ದಾರದಲ್ಲಿ ಹೊಲಿದ ಹಿತ್ತಾಳೆಯ ಉಂಗುರ. ಅದರ ಪಕ್ಕದಲ್ಲಿ, ಸೊನ್ನೆ ಇರಬೇಕಾದ ಜಾಗದಲ್ಲಿ, ಒಂದು ಎಂದು ಅಚ್ಚಾಗಿತ್ತು.

"ಮೊದಲನೇ ಮೀಟರ್ ಹರಿದುಹೋಗಿದೆ ಕಣಮ್ಮ," ಎಂದ ಮಾಲಿ. "ಉಂಗುರ ಹೊಲಿದಿದ್ದು ನಾನೇ. ಏನೇ ಬಂದ್ರೂ ಅದರಲ್ಲಿ ಒಂದು ಕಳೀಬೇಕು. ಮೇಡಂ ಒಂದು ದಿನಾನೂ ಮರೆತಿಲ್ಲ."

ಹಾಗಾದರೆ ಯಾರೂ ಏನೂ ಕದ್ದಿರಲಿಲ್ಲ. ಅವಳ ಐವತ್ತನಾಲ್ಕು ಅರವತ್ತು ಐವತ್ತನಾಲ್ಕು ಅರವತ್ತೇ. ಎಡಚಿಗೆ ನಾಚಿಕೆಯಾಯಿತು, ಆದರೆ ಅದೂ ದೂರದಲ್ಲಿ ಬೇರೆ ಯಾರಿಗೋ ಆದಂತಿತ್ತು. ವಾಪಸ್ ಬಂದು ಬೆಂಚಿನ ಮುಂದೆ ನಿಂತಳು. ಮಾಲಿಯೂ ಟೇಪು ಸುತ್ತುತ್ತಾ ಹಿಂದೆಯೇ ಬಂದ.

"ತಪ್ಪಾಯ್ತು ಮೇಡಂ."

ಕೋಚ್ ಅರ್ಜಿಯನ್ನು ಅವಳತ್ತ ಚಾಚಿದರು. ಅದರಡಿ ಬೆಂಚಿನ ಮೇಲೆ ಪ್ರಾಂಶುಪಾಲರಿಗೆ ಬರೆದ ರಾಜೀನಾಮೆ ಪತ್ರವಿತ್ತು, ಅದರ ಮೇಲೆ ಸಾಮಾನು ಕೋಣೆಯ ಬೀಗದಕೈ. ಅರ್ಜಿಯಲ್ಲಿ 'ದಾಖಲೆ ಮುರಿದಿದೆಯೇ?' ಎಂಬುದರ ಮುಂದೆ ದುಂಡಗೆ ಬರೆದಿದ್ದರು: ಹೌದು.

"ಇದು ಸುಳ್ಳಲ್ವಾ ಮೇಡಂ? ನಿಮ್ಮ ಐವತ್ತೈದು ಹತ್ತಕ್ಕೆ ಅರ್ಧ ಮೀಟರ್ ಕಮ್ಮಿ ಇದೆ."

"ಟೇಪು ಹರಿದಿದ್ದು ಯಾವಾಗ ಅಂತ ಅಜ್ಜನ್ನ ಕೇಳು."

ಮಾಲಿ ಟೇಪು ಸುತ್ತುವುದನ್ನು ನಿಲ್ಲಿಸಿದ.

"ಮೇಡಂ ದಾಖಲೆ ಮಾಡಿದ್ರಲ್ಲ, ಅದರ ಹಿಂದಿನ ವಾರ," ಎಂದ. "ಅವತ್ತೂ ತುದಿ ಹಿಡಿದಿದ್ದವನು ನಾನೇ. ಒಂದು ಕಳೀರಿ ಅಂತ ಹೇಳೋದು ಮರೆತುಬಿಟ್ಟೆ."