ತವರಿಗೆ ಬಂದ ಕೊಕ್ಕರೆಗಳು

ಹಕ್ಕಿಗಳ ವಿಷಯ ಓದಿ ಬಲ್ಲವರು ಮನ್ನಿಸಬೇಕು. ಅರ್ಧಂಬರ್ಧ ತಿಳಿದ ನಾನು ಈ ಕತೆ ಹೇಳಲು ಹೊರಟದ್ದೇ ತಪ್ಪಿರಬಹುದು.

"ಬಿಸಾಕೋ ಆ ಕಲ್ಲು ಕೆಳಕ್ಕೆ!" ಗಂಗರತ್ನಮ್ಮ ಪೊರಕೆ ಹಿಡಿದು ಓಡಿಬಂದಳು.

ಹುಣಸೆಮರದಡಿ ನಿಂತಿದ್ದ ಬೆಂಗಳೂರಿನ ಯುವಕ ನಕ್ಕ. "ಹಾರಿದ್ರೆ ಫೋಟೋ ಚೆನ್ನಾಗಿ ಬರುತ್ತಮ್ಮ."

"ಬಾಣಂತೀರು ಕಣೋ ಅವು. ನಿಮ್ಮಕ್ಕನ್ನೂ ಹಿಂಗೇ ಕಲ್ಲು ಹೊಡೆದು ಎಬ್ಬಿಸ್ತೀಯ?"

ಟೇಕಲ್ ಬಳಿಯ ಆ ಊರಿಗೆ ಕೊಕ್ಕರೆಗಳೆಂದರೆ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಹಳ್ಳ ಕೆರೆಗೆ ಸೇರುವ ಕಡೆ ಕೆಸರಲ್ಲಿ ಮೇಯುತ್ತಿದ್ದವು. ಗಂಗರತ್ನಮ್ಮನ ಹಿತ್ತಿಲ ಹುಣಸೆಯಲ್ಲಿ ಮರಿ ಮಾಡುತ್ತಿದ್ದವು. ಎಪ್ಪತ್ತೆಂಟನೇ ಇಸವಿಯಲ್ಲಿ ಯಾವುದೋ ಪತ್ರಿಕೆಯಲ್ಲಿ ಚಿತ್ರ ಬಂದದ್ದೇ ತಡ, ಭಾನುವಾರದ ರೈಲಿಗೆ ಜನ ಬರತೊಡಗಿದರು. ಕೆಸರು ತುಳಿದರು. ಜೊಂಡು ಕಿತ್ತು ಹಾಸಿಕೊಂಡು ಕೂತರು. ಟ್ರಾನ್ಸಿಸ್ಟರ್ ಅರಚಿತು. ಜೊಂಡಿನಲ್ಲಿದ್ದ ನೀರುಕೋಳಿಗಳು ಮೊದಲು ಮಾಯವಾದವು.

ಆಮೇಲೆ ಮರದ ಮೇಲಿನ ಗೂಡುಗಳ ಸರದಿ. ಮೇಯಲು ಹೋದ ತಾಯಂದಿರು ಮರಳಲಿಲ್ಲ. ಮರಿಗಳ ಕೂಗು ಒಂದೊಂದು ಗೂಡಿನಲ್ಲಿ ನಿಲ್ಲುತ್ತ ಬಂತು. ಒಲೆ ಮುಂದೆ ಕೂತರೂ ಗಂಗರತ್ನಮ್ಮನಿಗೆ ಅದು ಕೇಳುತ್ತಿತ್ತು. ಕೂಗು ನಿಂತ ಮೇಲೂ ಕೇಳುತ್ತಿತ್ತು.

"ಪ್ಯಾಟೆಯೋರ ಕಣ್ಣು," ಎಂದಳು. ದಿನಾ ಸಂಜೆ ಮರದಡಿ ಕೆಂಡವಿಟ್ಟು, ಒಣಮೆಣಸಿನಕಾಯಿ ನೀವಾಳಿಸಿ ಹಾಕಿದಳು. ಘಾಟು ಬಂದರೆ ದೃಷ್ಟಿ ಇಲ್ಲ. ಬರದಿದ್ದರೆ ಭಾರೀ ದೃಷ್ಟಿ. ಅಮ್ಮ ಕಲಿಸಿದ್ದು ಅದು. ಉಸಿರೆಳೆದು ಕಾದಳು. ಒಂದು ಸೀನೂ ಬರಲಿಲ್ಲ. ಮರುದಿನ ಹಿಡಿ ತುಂಬ ಹಾಕಿದಳು.

"ಸೀಮಂತಾನೂ ಮಾಡ್ಬಿಡೇ ಅವಕ್ಕೆ," ಗಂಡ ರಾಮಚಂದ್ರಪ್ಪ ರೇಗಿಸಿದ. "ಸಾರಿಗೆ ಮಾತ್ರ ನಾಕು ಮೆಣಸಿನಕಾಯಿ ಉಳಿಸು."

ಒಂದು ಬುಧವಾರ ಮಗಳು ಭಾರತಮ್ಮ ಚೊಚ್ಚಲ ಹೆರಿಗೆಗೆ ಬಂದಳು. ಮರದಲ್ಲಿ ಆಗ ಉಳಿದಿದ್ದದ್ದು ಒಂದೇ ತಾಯಿಕೊಕ್ಕರೆ. ಗಂಗರತ್ನಮ್ಮ ಮಗಳನ್ನು ಅಡುಗೆಮನೆಯಲ್ಲಿ ಕೂರಿಸಿ, ನೀವಾಳಿಸಿ, ಮೆಣಸಿನಕಾಯಿ ಕೆಂಡಕ್ಕೆ ಹಾಕಿದಳು. ಘಾಟು ಗಂಟಲಿಗೆ ಹೊಡೆಯಿತು.

"ದೃಷ್ಟಿ ಇಲ್ಲ ಕಣೇ!" ಕೆಮ್ಮುತ್ತಲೇ ನಕ್ಕಳು.

ಭಾರತಮ್ಮ ಹೊಟ್ಟೆ ಹಿಡಿದುಕೊಂಡು ಹಿತ್ತಿಲಿಗೆ ಓಡಿದಳು. "ಇನ್ನೊಂದು ಸಲ ಈ ಹೊಗೆ ಹಾಕು, ಗಂಡನ ಮನೆಗೆ ಹೊರಟ್ಹೋಗ್ತೀನಿ. ಇದರಲ್ಲಿ ಯಾರಿರ್ತಾರಮ್ಮ?"

ಸಮಾಧಾನ ಮಾಡಲು ಗಂಗರತ್ನಮ್ಮ ಹಿಂದೆಯೇ ಬಂದಳು. ಮಗಳ ಭುಜದ ಮೇಲೆ ಕೈಯಿಟ್ಟವಳು ಹಾಗೇ ನಿಂತಳು. ಹೊಗೆಗಂಡಿಯಿಂದ ಹೊರಟ ಘಾಟಿನ ಹೊಗೆ ನೆಟ್ಟಗೆ ಹುಣಸೆಯ ಕೊಂಬೆಗಳೊಳಕ್ಕೆ ಏರುತ್ತಿತ್ತು. ಕೊಕ್ಕರೆ ಕತ್ತು ಕೊಡವಿತು, ಗೂಡಿನ ಅಂಚಿಗೆ ಸರಿಯಿತು, ಅರಚುವ ಮರಿಗಳನ್ನು ಬಿಟ್ಟು ಹಾರಿಹೋಯಿತು.

ಕಲ್ಲಿಲ್ಲ, ಟ್ರಾನ್ಸಿಸ್ಟರ್ ಇಲ್ಲ, ಪೇಟೆಯವನೊಬ್ಬನೂ ಸುತ್ತಲಿರಲಿಲ್ಲ.

ಮೊದಲು ಹೋದವುಗಳನ್ನು ಓಡಿಸಿದ್ದು ಪೇಟೆಯವರೋ, ಇವಳ ಹೊಗೆಯೋ, ಯಾರಿಗೂ ಗೊತ್ತಿಲ್ಲ.