ಸತ್ತದ್ದು ಕೂಗುತ್ತದೆಯೇ?

"ಇನ್ನು ನಿನ್ನ ಕೈಲಿ ಆಗಲ್ಲ, ಸುಮ್ಮನೆ ಕೂತ್ಕೋ" ಅಂತ ನಿಮಗೆ ಯಾರಾದರೂ ಅಂದಿದ್ದರೆ... ಕೈಯಲ್ಲಿರುವ ಚಹಾ ಆರಿದರೂ ಪರವಾಗಿಲ್ಲ, ಇದನ್ನು ಓದಿ ಮುಗಿಸಿ.

ರಾಣೆಬೆನ್ನೂರಿನ ದಾಕ್ಷಾಯಣಿ, ಗಂಡ ತೀರಿಕೊಂಡ ಮೇಲೆ ಅವನ ಟೈಪಿಂಗ್ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು.

ಲಗ್ನಪತ್ರಿಕೆ, ಅರ್ಜಿ, ಬಾಡಿಗೆ ಕರಾರು... ಎಲ್ಲವೂ ಒಂದೇ ಹಳೆಯ ಕಂಪ್ಯೂಟರಿನಲ್ಲಿ.

ಲಗ್ನದ ಸೀಸನ್ ಶುರುವಾಗುವ ಹೊತ್ತಿಗೆ ಸರಿಯಾಗಿ ಅದು ಕೈಕೊಟ್ಟಿತು! ಮೊದಲೇ ತೆವಳುತ್ತಿತ್ತು... ಈಗ ಬಟನ್ ಒತ್ತಿದರೆ ಪರದೆ ಕಪ್ಪು. ಒಳಗಿನಿಂದ ಬರೀ ಬೀಪ್... ಬೀಪ್... ಎಂಬ ಕೂಗು.

ರಿಪೇರಿಯವನು ಬಂದ. ಕಂಪ್ಯೂಟರಿನ ಡಬ್ಬಿ ಬಿಚ್ಚಲೂ ಇಲ್ಲ. ನಿಂತಲ್ಲೇ ತೀರ್ಪು ಕೊಟ್ಟ.

"ಸತ್ತೈತ್ರಿ ಇದು. ಗುಜರಿಗೆ ಹಾಕ್ರಿ."

ಗಂಡನ ಅಣ್ಣ ವೀರಭದ್ರಪ್ಪನಿಗೆ ಅಷ್ಟೇ ಸಾಕಾಯಿತು. ಅಂಗಡಿಯ ಜಾಗ ಅಣ್ಣತಮ್ಮಂದಿರಿಬ್ಬರದೂ ಹೌದು. ಮೊಬೈಲ್ ಅಂಗಡಿ ಹಾಕುತ್ತೇವೆಂದು ಯಾರೋ ಅವನ ಬಳಿ ಆ ಜಾಗವನ್ನು ಆಗಲೇ ಕೇಳಿದ್ದರು.

"ದಾಕ್ಷಾಯಣೀ, ಸಾಕ ಮಾಡವ್ವ. ವಯಸ್ಸಾತು, ಇನ್ನ ನಿನ್ನ ಕೈಲಿ ಆಗಂಗಿಲ್ಲ. ಮನ್ಯಾಗ ಆರಾಮ ಇರು, ಎರಡು ಹೊತ್ತು ರೊಟ್ಟಿ ನಾವು ಹಾಕ್ತೀವಿ. ಸೋಮವಾರ ಅಂಗಡಿ ಖಾಲಿ ಮಾಡಿಬಿಡು."

ರೊಟ್ಟಿ ಹಾಕ್ತಾರಂತೆ! ಇಷ್ಟು ವರ್ಷ ಅವಳು ಯಾರ ರೊಟ್ಟಿ ತಿಂದಿದ್ದಳು?

ಆದರೂ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಭಾವನ ಎದುರು ತಲೆಯ ಮೇಲಿನ ಸೆರಗು ಜಾರದ ಹಾಗೆ ನಿಂತೇ ಅವಳಿಗೆ ರೂಢಿ...

ಮನೆಗೆ ಬಂದು ಅತ್ತಳು. ಅಳುವಾಗಲೇ ಒಂದು ಮಾತು ತಲೆಗೆ ಹೊಳೆಯಿತು...

ಸತ್ತದ್ದು ಎಲ್ಲಾದರೂ ಕೂಗುತ್ತದೆಯೇ?

ಫೋನಿನಲ್ಲಿ ವಿಡಿಯೋ ಹುಡುಕಿದಳು. ಹೀಗೆ ಕೂಗಿದರೆ ಎಷ್ಟೋ ಸಲ ತೊಂದರೆ ಇರುವುದು ಒಳಗಿನ ಮೆಮೊರಿಯಲ್ಲಿ ಅಂತ ಗೊತ್ತಾಯಿತು. ಗೇಣುದ್ದವೂ ಇಲ್ಲದ ಒಂದು ಹಸಿರು ಪಟ್ಟಿ, ಅಷ್ಟೇ!

ಮರುದಿನ ಅಂಗಡಿಗೆ ಹೋಗಿ, ಪ್ಲಗ್ ಕಿತ್ತು, ಡಬ್ಬಿ ಬಿಚ್ಚಿದಳು. ಪಟ್ಟಿ ಹೊರತೆಗೆದರೆ... ಅದರ ಜೊತೆಗೇ ಉದುರಿತು ಹಳದಿ ಪುಡಿ.

ಭಂಡಾರ! ಪೂಜೆಯ ಅರಿಶಿನ!

ಪ್ರತಿ ದಸರೆಯ ಖಂಡೇನವಮಿಗೆ ಅಂಗಡಿಯ ಪೂಜೆ ಮಾಡುತ್ತಿದ್ದವನು ವೀರಭದ್ರಪ್ಪನೇ. ಭಕ್ತಿ ಉಕ್ಕಿ ಬಂದು, ಕಂಪ್ಯೂಟರಿನ ಗಾಳಿಯಾಡುವ ಜಾಳಿಗೆಯ ಮೇಲೇ ಹಿಡಿ ಹಿಡಿ ಭಂಡಾರ ಎರಚುತ್ತಿದ್ದ ಪುಣ್ಯಾತ್ಮ!

ಒಣ ಬ್ರಷ್ಷಿನಿಂದ ಎಲ್ಲವನ್ನೂ ಮೆಲ್ಲಗೆ ಗುಡಿಸಿದಳು. ಆಮೇಲೆ, ಬಳೆಯ ಅಳತೆಗೆ ಹಳೆಯ ಬಳೆ ಒಯ್ಯುವ ಹಾಗೆ ಆ ಪಟ್ಟಿಯನ್ನೇ ಕಂಪ್ಯೂಟರ್ ಅಂಗಡಿಗೆ ಒಯ್ದಳು.

"ಇದ ಜಾತೀದು ಬೇಕ್ರಿ. ಆದ್ರ ಇದಕ್ಕಿಂತ ದೊಡ್ಡ ಮೆಮೊರಿದು."

ಸೋಮವಾರ ಬೆಳಿಗ್ಗೆ ವೀರಭದ್ರಪ್ಪ ಬಂದಾಗ ಡಬ್ಬಿ ಟೇಬಲ್ಲಿನ ಮೇಲೆ ಅಡ್ಡ ಮಲಗಿತ್ತು. ಬಾಗಿಲಲ್ಲಿ ಲಗ್ನಪತ್ರಿಕೆ ಮಾಡಿಸುವ ಗಿರಾಕಿಗಳು ಕಾಯುತ್ತಿದ್ದರು.

"ಏನ್ ಹುಚ್ಚು ಇದು? ಶಾಕ್ ಹೊಡದು ಸತ್ತೀ!"

"ಪ್ಲಗ್ ಕಿತ್ತೀನ್ರಿ ಭಾವಾರ. ಬಟನ್ ಒತ್ತಿ ಒಳಗ ಉಳದ ಕರೆಂಟೂ ಖಾಲಿ ಮಾಡೀನಿ."

ಬಗ್ಗಿದರೆ ಸೆರಗು ಡಬ್ಬಿಯೊಳಗೆ ಬೀಳುತ್ತಿತ್ತು. ಎದುರಿಗೆ ಭಾವ... ಒಂದು ಗಳಿಗೆ ಅವಳ ಕೈ ತಡೆಯಿತು.

ಆಮೇಲೆ ತಲೆಯ ಮೇಲಿನ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಯೇಬಿಟ್ಟಳು!

ಭಾವನ ಹುಬ್ಬು ಮೇಲೇರಿತು. ಏರಲಿ ಬಿಡಿ.

ಮೊದಲು ಡಬ್ಬಿಯ ಕಬ್ಬಿಣ ಮುಟ್ಟಿದಳು. ಮೈಮೇಲಿನ ಕರೆಂಟು ಪಟ್ಟಿಗೆ ತಾಗಬಾರದಲ್ಲ! ಹೊಸ ಪಟ್ಟಿಯನ್ನು ಅಂಚಿನಲ್ಲಷ್ಟೇ ಹಿಡಿದು ಇಟ್ಟಳು... ಒಳಗೆ ಇಳಿಯಲಿಲ್ಲ.

"ಜೋರಾಗಿ ಒತ್ತು!" ಭಾವ ನಿಂತಲ್ಲೇ ಅಪ್ಪಣೆ ಕೊಟ್ಟ.

"ಇಳೀಲಿಲ್ಲಂದ್ರ ನಾ ಉಲ್ಟಾ ಹಿಡದೀನಿ ಅಂತ ಅರ್ಥರಿ. ಒತ್ತಿದ್ರ ಮುರೀತೈತಿ."

ತಿರುಗಿಸಿ ಹಿಡಿದಾಗ ಪಟ್ಟಿಯ ಕಚ್ಚು ಸರಿಯಾಗಿ ಕೂತಿತು. ಒತ್ತಿದಳು. ವೈರು ಸಿಕ್ಕಿಸಿ ಬಟನ್ ಹಾಕಿದಳು...

ಬೀಪ್... ಬೀಪ್... ಪರದೆ ಕಪ್ಪು.

"ನಾ ಹೇಳಿದ್ನಿಲ್ಲೋ? ಹೆಂಗಸರಿಗೆ ಯಾಕ ಬೇಕು ಈ ಉಸಾಬರಿ!"

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಯಿತು... ಅಂಗಡಿ ಹೋಯಿತು ಎಂದು ದಾಕ್ಷಾಯಣಿಗೆ ಅನ್ನಿಸಿತು.

ಆದರೆ ಅವಳು ಕೈ ಬಿಡಲಿಲ್ಲ. ಮತ್ತೆ ಪ್ಲಗ್ ಕಿತ್ತಳು. ಮತ್ತೆ ಬಗ್ಗಿದಳು. ಕಣ್ಣು ಕಿರಿದು ಮಾಡಿ ನೋಡಿದರೆ, ಪಟ್ಟಿಯ ಒಂದು ತುದಿಯ ಕ್ಲಿಪ್ ಇನ್ನೂ ಹಿಡಿದೇ ಇರಲಿಲ್ಲ!

ಹೆಬ್ಬೆರಳಿಟ್ಟು ನೇರಕ್ಕೆ ಒತ್ತಿದಳು.

ಟಕ್.

ಬಟನ್ ಹಾಕಿದಳು... ಕೂಗಿಲ್ಲ. ಪರದೆ ಬೆಳಗಿತು. ತೆರೆಯಲು ಅರ್ಧ ತಾಸು ಸತಾಯಿಸುತ್ತಿದ್ದ ಮಷಿನ್ನು, ಅವಳು ಬೆವರು ಒರೆಸಿಕೊಳ್ಳುವಷ್ಟರಲ್ಲಿ ತೆರೆದುಕೊಂಡಿತ್ತು!

ದಾಕ್ಷಾಯಣಿಗೆ ಅಳು ತಡೆಯಲಾಗಲಿಲ್ಲ.

ಅತ್ತದ್ದು ಮಷಿನ್ನು ನಡೆಯಿತು ಅಂತಲ್ಲ... "ನಿನ್ನ ಕೈಲಿ ಆಗಂಗಿಲ್ಲ" ಎಂಬ ಮಾತನ್ನು ಒಂದಿಷ್ಟು ಹೊತ್ತು ತಾನೂ ನಂಬಿದ್ದಳಲ್ಲ, ಅದಕ್ಕೆ.

ವೀರಭದ್ರಪ್ಪ ಗಂಟಲು ಸರಿಪಡಿಸಿಕೊಂಡ. "ಆತು ಬಿಡವ್ವ... ಈ ವರ್ಷ ಒಂದು ನಡಸು."

ಅವಳು ಕಣ್ಣೊರೆಸಿಕೊಂಡಳು. ಸೆರಗನ್ನು ಮಾತ್ರ ಸೊಂಟದಿಂದ ತೆಗೆಯಲಿಲ್ಲ.

"ಈ ವರ್ಷ ಅಂತ ಗೆರಿ ಹಾಕಾಕ ನೀವ್ಯಾರ್ರಿ ಭಾವಾರ? ಅರ್ಧ ಜಾಗ ನಂದೈತಿ... ಎರಡೂ ಕೈ ನನ್ನವ ಅದಾವ. ಅವು ನಡಿಯೂ ತನಕ ಅಂಗಡಿ ನಡೀತೈತಿ. ತುಸು ಸರೀರಿ, ಗಿರಾಕಿ ನಿಂತಾರ."

ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ವೀರಭದ್ರಪ್ಪ, ತಮ್ಮನ ಹೆಂಡತಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ.

*ಮುಚ್ಚಳ ತೆಗೆದು ನೋಡದವರಿಗೆ "ಇದರ ಕಥೆ ಮುಗಿಯಿತು" ಎನ್ನುವ ಹಕ್ಕಿಲ್ಲ.*

ನಿಮ್ಮ ಮನೆಯಲ್ಲಿ ನೀವು ಯಾರನ್ನು ಹೀಗೆ "ಆರಾಮ ಇರು" ಎಂದು ಮೂಲೆಗೆ ಕೂರಿಸಿದ್ದೀರಿ...?